ಎರಡು ಅಂಕದ ಚಿಂತೆ

ಮಗ ಡಾಕ್ಟರಾಗಬೇಕು, ಮಗಳು ಡಾಕ್ಟರಾಗಬೇಕು ಎಂಬ ಆಸೆ ಇಂದು ಹುಲಿಕುಂಟೆ ಸೀಮೆಯ ರೈತರ ಮನೆಗಳಲ್ಲೂ ಇದೆ. ಆಸೆ ಒಳ್ಳೆಯದೇ. ಆದರೆ ಪಿಯುಸಿ ಫಲಿತಾಂಶ ಬಂದೊಡನೆ ಕನ್ನಡದಲ್ಲಿ ಎರಡು ಅಂಕ ಹೋಯಿತು, ರಸಾಯನಶಾಸ್ತ್ರದಲ್ಲಿ ಮೂರು ಹೋಯಿತು ಎಂದು ಮನೆಮಂದಿಯೆಲ್ಲ ಕೊರಗುವುದನ್ನು ನಾವು ಒಪ್ಪುವುದಿಲ್ಲ.

ಸದ್ಭಕ್ತರು ತಿಳಿಯಬೇಕು. ವೈದ್ಯಕೀಯ ಸೀಟು ಸಿಗುವುದು ನೀಟ್ ರ‍್ಯಾಂಕಿನ ಮೇಲೆ. ಪಿಯುಸಿಯ ಭೌತ, ರಸಾಯನ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗದವರಿಗೆ ಶೇಕಡಾ 50, ಪರಿಶಿಷ್ಟರಿಗೂ ಹಿಂದುಳಿದವರಿಗೂ ಶೇಕಡಾ 40 ಬಂದರೆ ಸಾಕು. ಆ ಅಂಚಿನಲ್ಲಿರುವವರು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲಿ. ಉಳಿದವರಿಗೆ ತೊಂಬತ್ತೈದೂ ಒಂದೇ, ತೊಂಬತ್ಮೂರೂ ಒಂದೇ.

2025ರಲ್ಲಿ ಪಿಯುಸಿ ಫಲಿತಾಂಶ ಬಂದದ್ದು ಏಪ್ರಿಲ್ 8ಕ್ಕೆ, ನೀಟ್ ನಡೆದದ್ದು ಮೇ 4ಕ್ಕೆ. ನಡುವೆ 26 ದಿನ. ಆ ದಿನಗಳನ್ನು ಅಳುವಿನಲ್ಲಿ ಕಳೆದರೆ ನಷ್ಟ ಯಾರಿಗೆ? ಕೊಯ್ಲು ಮುಗಿದ ಹೊಲದಲ್ಲಿ ಕಳೆ ಕೀಳುತ್ತ ಕೂತರೆ ಮುಂದಿನ ಬಿತ್ತನೆ ತಪ್ಪುತ್ತದೆ.

ಎಚ್ಚರ ಬೇಕಾದದ್ದು ಬೇರೆ ಕಡೆ. ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲೇ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿ ನಿಯಮಾನುಸಾರ ಉಂಟು. ಅದಕ್ಕೆ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಎರಡು ಶಾಲೆಯಲ್ಲಿ ಓದಿದ್ದರೆ ಎರಡರಿಂದಲೂ ತರಬೇಕು. ಆ ಓಡಾಟವನ್ನು ಹಿರಿಯರು ವಹಿಸಿಕೊಳ್ಳಲಿ. ಮಕ್ಕಳು ನಿಶ್ಚಿಂತೆಯಿಂದ ಓದಲಿ.