ಧರ್ಮದ ಕುರ್ಚಿಗೂ ಮೊಳ ಹಾಕಿ ನೋಡಿ

ಪೇಟೆಗೆ ಚಪ್ಪಲಿ ಕೊಳ್ಳಲು ಬಂದ ಗಿರಾಕಿ ಸುಮ್ಮನೆ ದುಡ್ಡು ಎಣಿಸಿ ಹೋಗುವುದಿಲ್ಲ. ಎರಡೂ ಕಾಲಿಗೆ ಹಾಕುತ್ತಾನೆ, ಅಂಗಡಿಯೊಳಗೇ ನಾಲ್ಕು ಹೆಜ್ಜೆ ನಡೆಯುತ್ತಾನೆ, ಹೆಬ್ಬೆರಳು ಒತ್ತುತ್ತದೆ ಎಂದು ಇನ್ನೊಂದು ಜೊತೆ ತೆಗೆಸುತ್ತಾನೆ. ಅಂಗಡಿಯವರೂ ಗೊಣಗದೆ ಹತ್ತು ಡಬ್ಬ ಕೆಳಗಿಳಿಸುತ್ತಾರೆ. ಆದರೆ ದಿನಕ್ಕೆ ಹತ್ತು ಹನ್ನೆರಡು ತಾಸು ಕೂತೇ ಇರಬೇಕಾದ ವೀಲ್ ಚೇರಿನ ವಿಷಯಕ್ಕೆ ಬಂದರೆ ಈ ಪದ್ಧತಿ ಮಾಯ. ಕೊಟ್ಟದ್ದು ತಗೊಂಡು ಹೋಗಬೇಕು.

ಅಂಗವಿಕಲರಿಗೆ ಸಾಧನ ಸಲಕರಣೆ ಕೊಡಿಸುವ ಕೇಂದ್ರದ ಎಡಿಪ್ ಯೋಜನೆ 1981ರಿಂದ ಇದೆ. ಕಾನ್ಪುರದ ಆಲಿಮ್ಕೋ ಕಾರ್ಖಾನೆ 1976ರಿಂದ ಇವನ್ನು ತಯಾರಿಸುತ್ತಿದೆ. ಮೊದಲು ತಪಾಸಣೆ ಶಿಬಿರ. ಅದಾಗಿ ಕೆಲವು ವಾರವೋ ತಿಂಗಳೋ ಕಳೆದ ಮೇಲೆ ವಿತರಣೆ ಶಿಬಿರ. ವಿತರಣೆಯ ದಿನ ಶಾಮಿಯಾನ, ಮೈಕು, ಹಾರ, ಸಾಲಾಗಿ ನಿಲ್ಲಿಸಿದ ಒಂದೇ ಬಣ್ಣದ ಒಂದೇ ನಮೂನೆಯ ಕುರ್ಚಿಗಳು. ಯೋಜನೆಯನ್ನು ಹಳಿಯುವ ಮಾತಲ್ಲ ಇದು. ಆ ಕುರ್ಚಿಯೂ ಇಲ್ಲದಿದ್ದರೆ ಎಷ್ಟೋ ಮಂದಿ ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಆದರೆ ಪುಕ್ಕಟೆ ಬಂದದ್ದನ್ನು ಅಳೆದು ನೋಡಿದರೆ ಜನ ಏನಂತಾರೆ? ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ ಅಂತಾರೆ. ಈ ಗಾದೆಯ ಭಯಕ್ಕೇ ಅರ್ಧ ಜನ ಬಾಯಿ ಬಿಡುವುದಿಲ್ಲ.

ಬಾಯಿ ಬಿಡಬೇಕು. ಮೊಳ ಹಾಕಲೇಬೇಕು. ದೊಡ್ಡವರಿಗೆಂದು ಬರುವ ಸಾಮಾನ್ಯ ಮಡಚುವ ಕುರ್ಚಿಯ ಸೀಟು ಸುಮಾರು 18 ಇಂಚು ಅಗಲ. ಅದರಲ್ಲಿ ಹತ್ತು ವರ್ಷದ ಹುಡುಗಿಯನ್ನು ಕೂರಿಸಿದರೆ ಒಂದು ಕಡೆಗೆ ವಾಲುತ್ತಾಳೆ. ವರ್ಷಗಟ್ಟಲೆ ವಾಲಿದರೆ ಬೆನ್ನುಮೂಳೆಯೂ ಅತ್ತಲೇ ಬಾಗುತ್ತದೆ. ಕುರ್ಚಿ ಅಗಲವಾದಷ್ಟೂ ತೋಳು ಚಾಚಿ ಗಾಲಿ ಹಿಡಿಯಬೇಕು, ಭುಜ ಸೋಲುತ್ತದೆ. ಕಾಲೂರುವ ಹಲಗೆ ಮೇಲಿದ್ದರೆ ಮಂಡಿ ಎದ್ದು ನಿಂತು ಮೈಭಾರವೆಲ್ಲ ಕುಂಡಿಯ ಎಲುಬಿನ ಮೇಲೆ ಬೀಳುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶ ಹೋದವರಿಗೆ ಅದು ಒತ್ತುತ್ತಿದೆ ಎನ್ನುವುದೇ ಗೊತ್ತಾಗದು. ಮನೆಯವರ ಕಣ್ಣಿಗೆ ಬೀಳುವಷ್ಟರಲ್ಲಿ ಹುಣ್ಣು ಆಳಕ್ಕಿಳಿದಿರುತ್ತದೆ. ಇಂಥ ಹುಣ್ಣಿಗೆ ನಂಜೇರಿ ಜೀವವೇ ಹೋಗುವುದುಂಟು. ತೂಗುಬಟ್ಟೆಯಂಥ ಸೀಟಿನ ಮೇಲೆ ಸರಿಯಾದ ಕುಶನ್ ಹಾಕಿದ್ದರೆ ತಪ್ಪುತ್ತಿದ್ದ ಸಾವು ಅದು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಬಡ ದೇಶಗಳಿಗೆಂದು ಮಾರ್ಗಸೂಚಿ ಬರೆದು, ವೀಲ್ ಚೇರ್ ಕೊಡುವುದಕ್ಕೆ ಎಂಟು ಹಂತ ಹೇಳಿತು. ಆಳನ್ನು ನೋಡುವುದು, ಯಾವ ಕುರ್ಚಿ ಎಂದು ಬರೆದು ಕೊಡುವುದು, ಕೂರಿಸಿ ಹೊಂದಿಸುವುದು, ನಡೆಸಲು ಕಲಿಸುವುದು, ಆಮೇಲೂ ರಿಪೇರಿ ವಿಚಾರಿಸುವುದು ಎಲ್ಲ ಅದರಲ್ಲಿವೆ. ಹಾರ ಹಾಕಿ ಫೋಟೋ ತೆಗೆಸುವುದು ಆ ಎಂಟರಲ್ಲಿ ಇಲ್ಲ.

ಒಂದು ಹಳೇ ಕಥೆ. ಅಮೆರಿಕದ ಹರ್ಬರ್ಟ್ ಎವರೆಸ್ಟ್ ಎಂಬ ಗಣಿ ಎಂಜಿನಿಯರ್ ಗಣಿ ಕುಸಿದು ನಡೆಯುವ ಶಕ್ತಿ ಕಳಕೊಂಡ. ಅಂದಿನ ಕುರ್ಚಿಗಳು ಮಂಚದಷ್ಟು ಭಾರ, ಕಾರಿನಲ್ಲಿ ಹಿಡಿಸುತ್ತಿರಲಿಲ್ಲ. ಗೆಳೆಯ ಹ್ಯಾರಿ ಜೆನಿಂಗ್ಸ್ ಜೊತೆ ಸೇರಿ 1933ರಲ್ಲಿ ಕತ್ತರಿಯಂತೆ ಮಡಚುವ ಉಕ್ಕಿನ ಕುರ್ಚಿ ಮಾಡಿದ. ಕೂರುವವನೇ ಕೂತು ನೋಡಿ ಮಾಡಿಸಿದ ಕುರ್ಚಿ ಅದು. ಇಂದಿಗೂ ಆಸ್ಪತ್ರೆಯಲ್ಲಿ, ಶಿಬಿರದಲ್ಲಿ ಕಾಣುವುದು ಹೆಚ್ಚುಕಡಿಮೆ ಅದೇ ಚೌಕಟ್ಟು. ನಮೂನೆ ಉಳಿಯಿತು, ಕೂರುವವನನ್ನು ಕೇಳುವ ಪದ್ಧತಿ ಮಾತ್ರ ದಾರಿಯಲ್ಲಿ ಬಿದ್ದುಹೋಯಿತು.

ಹಾಗಾದರೆ ಬೇರೆ ಬೇರೆ ಕುರ್ಚಿ ನೋಡಬೇಕೆಂದರೆ ದಾವಣಗೆರೆಯವನು ಎಲ್ಲಿಗೆ ಹೋಗಬೇಕು? ಬೆಂಗಳೂರಿಗೆ. ವೈದ್ಯಕೀಯ ಸಲಕರಣೆಗಳ ಪ್ರದರ್ಶನ, ದೊಡ್ಡ ಅಂಗಡಿ, ತಯಾರಕರು ಎಲ್ಲ ಅಲ್ಲಿ. ಸುಮಾರು 260 ಕಿಲೋಮೀಟರ್. ಕುರ್ಚಿ ನೋಡಲು ಹೋಗುವುದಕ್ಕೇ ಮೊದಲು ಒಂದು ಒಳ್ಳೆ ಕುರ್ಚಿ ಬೇಕು! ಜೊತೆಗೆ ಎತ್ತಿ ಕೂರಿಸುವ ಇಬ್ಬರು, ಒಂದು ಬಾಡಿಗೆ ಕಾರು, ಇಬ್ಬರ ಎರಡು ದಿನದ ಕೂಲಿ. ಅಷ್ಟು ಮಾಡಿ ಹೋದವನಿಗೆ ಅಲ್ಲಿ ಕನ್ನಡಿಯಂಥ ನೆಲ, ಎಸಿ ಗಾಳಿ. ಆ ನೆಲದ ಮೇಲೆ ಯಾವ ಕುರ್ಚಿ ತಾನೆ ಜಾರಿಕೊಂಡು ಓಡುವುದಿಲ್ಲ? ಮಂಡಿಪೇಟೆಯ ರಸ್ತೆಯಲ್ಲಿ ಲಾರಿ, ಗಾಡಿ, ಮೂಟೆಗಳ ನಡುವೆ ಓಡುತ್ತದೋ ನೋಡಬೇಕು.

ನೋಡುವಂಥದ್ದು ಈಗ ಬಹಳ ಇದೆ. ಮದ್ರಾಸ್ ಐಐಟಿಯ ಕಡೆಯಿಂದ 2021ರಲ್ಲಿ ನಿಯೋಫ್ಲೈ ಎಂಬ, ಕೂರುವವರ ಅಳತೆಗೆ ಹೊಂದಿಸುವ ಕುರ್ಚಿ ಬಂತು. ಅದರ ಮುಂದಕ್ಕೆ ಸಿಕ್ಕಿಸಿದರೆ ಬ್ಯಾಟರಿ ಗಾಡಿಯಂತೆ ಎಳೆದೊಯ್ಯುವ ನಿಯೋಬೋಲ್ಟ್ ಕೂಡ ಬಂತು. 2025ರ ಜುಲೈನಲ್ಲಿ ಅದೇ ಐಐಟಿ ಕೇವಲ 9 ಕಿಲೋ ತೂಗುವ ವೈಡಿ ಒನ್ ಕುರ್ಚಿ ಹೊರತಂದಿತು. ಹಳ್ಳಿಯ ಏರುತಗ್ಗಿಗೆ ಮುಂದೆ ಒಂದೇ ಗಾಲಿ ಚಾಚಿದ ಮೂರು ಗಾಲಿಯ ಕುರ್ಚಿಗಳಿವೆ, ಅವು ಸುಲಭಕ್ಕೆ ಮುಗ್ಗರಿಸವು. ಆದರೆ ಉದ್ದ ಹೆಚ್ಚು, ಸಣ್ಣ ಮನೆಯೊಳಗೆ ತಿರುಗಿಸುವುದು ಕಷ್ಟ. ಗಾಳಿ ತುಂಬುವ ಟೈರು ಮೆತ್ತಗೆ ಓಡುತ್ತದೆ, ಪಂಕ್ಚರ್ ಆದರೆ ಸೈಕಲ್ ಶಾಪಿನವನೇ ಹಾಕಿಕೊಡುತ್ತಾನೆ. ಗಟ್ಟಿ ರಬ್ಬರಿನದಕ್ಕೆ ಪಂಕ್ಚರ್ ಇಲ್ಲ, ಆದರೆ ಕಲ್ಲಿನ ಮೇಲೆ ಹೋದರೆ ಹಲ್ಲು ಕಟಕಟ ಎನ್ನುತ್ತವೆ. ಮುಂದಿನ ಸಣ್ಣ ಗಾಲಿ ಟೈಲ್ಸ್ ಮೇಲೆ ಚುರುಕು, ಮೋರಿಯ ಸಂದಿ ಬಂದರೆ ಅಲ್ಲೇ ಸಿಕ್ಕಿಬೀಳುತ್ತದೆ. ಯಾವುದು ಯಾರಿಗೆ ಎನ್ನುವುದು ಕರಪತ್ರ ಓದಿದರೆ ತಿಳಿಯುವುದಿಲ್ಲ.

ಬಸ್ಸಿನಲ್ಲಿ ಓಡಾಡುವವರಿಗೆ ತೂಕದ ಬೆಲೆ ಬೇಗ ಅರ್ಥವಾದೀತು. ಉಕ್ಕಿನ ಕುರ್ಚಿ ಹದಿನೆಂಟು ಇಪ್ಪತ್ತು ಕಿಲೋ. ಹರಿಹರದ ಬಸ್ಸು ನಿಂತಿರುವ ಅರ್ಧ ನಿಮಿಷದಲ್ಲಿ ಮಗನನ್ನು ಎತ್ತಿ ಹತ್ತಿಸಿದ ತಾಯಿ ಮತ್ತೆ ಇಳಿದು ಅದನ್ನೂ ಎತ್ತಬೇಕು. ಕಂಡಕ್ಟರ್ ಒಳ್ಳೆಯವನಾದರೆ ಕೈ ಕೊಡುತ್ತಾನೆ, ಇಲ್ಲವಾದರೆ ‘ಬೇಗ ಆಗ್ಲಿ ಬೇಗ ಆಗ್ಲಿ’. ಒಂಬತ್ತು ಕಿಲೋ ಎಂದರೆ ಒಂದು ಕೈಯ ಕೆಲಸ. ಬೆಲೆ ಜಾಸ್ತಿ ಎನ್ನುವುದು ನಿಜ. ಆದರೆ ಎತ್ತಲಾರದೆ ಅಟ್ಟಕ್ಕೆ ಹೋದ ಕುರ್ಚಿಯ ಬೆಲೆ ಎಷ್ಟು ಎಂದು ಯಾರೂ ಲೆಕ್ಕ ಹಾಕುವುದಿಲ್ಲ.

ಅಂಗಡಿಯವರಿಗೂ ಇಲ್ಲಿ ಒಂದು ಮಾತಿದೆ. ಎಂಥ ಕುರ್ಚಿ ಬಂದರೂ ಅಂಗಡಿಯ ಮೂರು ಮೆಟ್ಟಿಲು ಹತ್ತುವುದಿಲ್ಲ. ಇಳಿಜಾರಿಗೆ ಒಂದಕ್ಕೆ ಹನ್ನೆರಡು ಲೆಕ್ಕ, ಅಂದರೆ ಅರ್ಧ ಅಡಿ ಮೆಟ್ಟಿಲಿಗೆ ಆರು ಅಡಿ ಉದ್ದ. ಅಷ್ಟು ಜಾಗ ಎಲ್ಲಿದೆ ಸ್ವಾಮಿ ಎಂದರೆ ಅದೂ ಸರಿಯೇ. ಒಂದು ಗಟ್ಟಿ ಹಲಗೆ ಒಳಗಿಟ್ಟುಕೊಂಡರೆ ಗಿರಾಕಿ ಬಂದಾಗ ಹಾಸಿ, ಹೋದ ಮೇಲೆ ಎತ್ತಿಡಬಹುದು. ರಸ್ತೆಯಲ್ಲೇ ಕೂರಿಸಿ ಸಾಮಾನು ತಂದುಕೊಡುವುದು ದಯೆ ಇರಬಹುದು. ಆದರೆ ನಾಲ್ಕು ಸೀರೆ ಬಿಚ್ಚಿಸಿ ಐದನೆಯದನ್ನು ಆರಿಸುವ ಹಕ್ಕು ಆ ಹೆಣ್ಣುಮಗಳಿಗೂ ಇದೆ.

ಈಗ ಜಿಲ್ಲಾಡಳಿತದ ಮುಂದೆ ಇಡಬೇಕಾದದ್ದು. ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ ಈ ಊರಿನಲ್ಲೇ ಇದೆ. ಅಳತೆ ತೆಗೆಯಬಲ್ಲವರು ಅಲ್ಲಿದ್ದಾರೆ. ಪಾಲಿಕೆ, ಪಂಚಾಯತಿಗಳು ತಮ್ಮ ಆದಾಯದಲ್ಲಿ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕೆಂಬ ನಿಯಮ ರಾಜ್ಯದಲ್ಲಿದೆ. 2011ರ ಜನಗಣತಿಯ ಲೆಕ್ಕದಲ್ಲಿ ಕರ್ನಾಟಕದ ಅಂಗವಿಕಲರು 13 ಲಕ್ಷ ದಾಟಿದ್ದರು. ಅವರೆಲ್ಲರಿಗೂ ಕುರ್ಚಿ ಬೇಕಿಲ್ಲ, ಆದರೂ ಗಿರಾಕಿ ಇಲ್ಲವೆಂದು ಕಂಪನಿಯವರು ಹೇಳುವಂತಿಲ್ಲ. ಸೀರೆ, ಸೋಫಾ, ಹಪ್ಪಳದ ಯಂತ್ರಕ್ಕೆ ಹೈಸ್ಕೂಲ್ ಮೈದಾನದಲ್ಲಿ ಪ್ರದರ್ಶನ ನಡೆಯಬಹುದಾದರೆ ವರ್ಷಕ್ಕೊಂದು ಸಲ ಮೂರು ದಿನ ಗಾಲಿಕುರ್ಚಿಗೆ ಯಾಕೆ ಆಗಬಾರದು? ಹತ್ತು ತಯಾರಕರನ್ನು ಕರೆಸಿ. ಟೆಂಡರ್ ಕರೆಯುವ ಮುಂಚೆ ಕರೆಸಿ, ಆಮೇಲೆ ಅಲ್ಲ. ಕೂರುವವರು ಕೂತು, ಮಣ್ಣಿನ ಮೇಲೆ ಓಡಿಸಿ, ಯಾವುದು ಎಂದು ಬರೆಸಲಿ. ಆ ಚೀಟಿಯಂತೆಯೇ ಖರೀದಿಯಾಗಲಿ.

ಪ್ರದರ್ಶನ ಬರುವತನಕ ಹಳ್ಳಿಹಳ್ಳಿಯಲ್ಲಿರುವ ಪುನರ್ವಸತಿ ಕಾರ್ಯಕರ್ತರು ಟೇಪು ಹಿಡಿದು ಮನೆಗೆ ಹೋಗಬಹುದು. ಕೂತಾಗಿನ ಸೊಂಟದ ಅಗಲ, ಬೆನ್ನಿನಿಂದ ಮಂಡಿಯ ಹಿಂದಿನ ಮಡಿಕೆವರೆಗಿನ ಉದ್ದ, ಅಲ್ಲಿಂದ ಹಿಮ್ಮಡಿವರೆಗೆ. ಇಷ್ಟರ ಜೊತೆ ಬಚ್ಚಲ ಬಾಗಿಲಿನ ಅಗಲವನ್ನೂ ಬರೆದುಕೊಳ್ಳಲಿ. ಎರಡೂಕಾಲು ಅಡಿ ಅಗಲದ ಕುರ್ಚಿ ಎರಡಡಿ ಬಾಗಿಲಲ್ಲಿ ಹೋಗುವುದಿಲ್ಲ ಎನ್ನುವುದಕ್ಕೆ ತಜ್ಞರು ಬೇಕಿಲ್ಲ.

ಮತ್ತೆ, ಮಳೆಯೆಂದು ಮೈದಾನ ಬಿಟ್ಟು ಸಭಾಂಗಣ ಗೊತ್ತು ಮಾಡುವುದಾದರೆ, ದಯವಿಟ್ಟು ಮೊದಲನೇ ಮಹಡಿಯದ್ದು ಬೇಡ.