ನಾರ್ವೆಯ ವಿದ್ಯುತ್ ಕಾರು: ರಿಯಾಯಿತಿ ಯಾರಿಗೆ, ಹೊರೆ ಯಾರಿಗೆ?

1989ರಲ್ಲಿ ಮೂವರು ನಾರ್ವೇಜಿಯನ್ನರು ಸ್ವಿಟ್ಜರ್‌ಲ್ಯಾಂಡ್‌ನಿಂದ ಒಂದು ಪುಟ್ಟ ಕಾರನ್ನು ತಮ್ಮ ದೇಶಕ್ಕೆ ತಂದರು. ಇಬ್ಬರು 'ಆ-ಹಾ' ಎಂಬ ಪ್ರಸಿದ್ಧ ಸಂಗೀತ ತಂಡದ ಮೋರ್ಟನ್ ಹಾರ್ಕೆಟ್ ಮತ್ತು ಮಾಗ್ನೆ ಫುರುಹೋಲ್ಮನ್. ಮೂರನೆಯವರು ಬೆಲ್ಲೋನಾ ಎಂಬ ಪರಿಸರ ಸಂಘಟನೆಯ ಫ್ರೆಡರಿಕ್ ಹೌಗೆ. ಅದು ಫಿಯೆಟ್ ಪಾಂಡಾ ಕಾರು. ಅದರ ಎಂಜಿನ್ ಕಿತ್ತು ಬ್ಯಾಟರಿ ಮತ್ತು ಮೋಟಾರು ಜೋಡಿಸಲಾಗಿತ್ತು. ಹೊಗೆ ಉಗುಳದ ಕಾರಿಗೆ ಟೋಲ್ ಯಾಕೆ ಕೊಡಬೇಕು ಎಂದು ಕೇಳುತ್ತಾ ಅವರು ಟೋಲ್‌ಗೇಟ್‌ಗಳನ್ನು ಹಣ ಪಾವತಿಸದೆಯೇ ದಾಟಿದರು. ದಂಡ ಬಿತ್ತು, ಅದನ್ನೂ ಕಟ್ಟಲಿಲ್ಲ. ಅಧಿಕಾರಿಗಳು ಕಾರನ್ನು ವಶಪಡಿಸಿಕೊಂಡು ಹರಾಜಿಗಿಟ್ಟರು. ಹರಾಜಿನಲ್ಲಿ ಇವರೇ ಅದನ್ನು ಮತ್ತೆ ಕೊಂಡರು. 1997ರಲ್ಲಿ ನಾರ್ವೆ ವಿದ್ಯುತ್ ಕಾರುಗಳಿಗೆ ಟೋಲ್ ವಿನಾಯಿತಿ ಘೋಷಿಸಿತು.

ಇಂದು ಆ ದೇಶದ ಅಂಕಿ-ಅಂಶ ನೋಡಿದರೆ ಅಚ್ಚರಿಯಾಗುತ್ತದೆ. 2020ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳ ಪೈಕಿ ಅರ್ಧಕ್ಕಿಂತ ಹೆಚ್ಚು, ಅಂದರೆ ಶೇ. 54, ಪೂರ್ಣ ವಿದ್ಯುತ್ ಚಾಲಿತವಾಗಿದ್ದವು. 2024ರಲ್ಲಿ ಈ ಪ್ರಮಾಣ ಶೇ. 88.9ಕ್ಕೆ, 2025ರಲ್ಲಿ ಸುಮಾರು ಶೇ. 96ಕ್ಕೆ ಮುಟ್ಟಿತು. 2024ರ ಸೆಪ್ಟೆಂಬರ್‌ನಲ್ಲಿ ನಾರ್ವೆಯ ರಸ್ತೆಗಳಲ್ಲಿರುವ ವಿದ್ಯುತ್ ಕಾರುಗಳ ಸಂಖ್ಯೆ ಪೆಟ್ರೋಲ್ ಕಾರುಗಳ ಸಂಖ್ಯೆಯನ್ನು ಮೀರಿತು. ಡೀಸೆಲ್ ಕಾರುಗಳು ಆಗಲೂ ಮೊದಲ ಸ್ಥಾನದಲ್ಲಿದ್ದವು ಎಂಬುದನ್ನು ಸಂಭ್ರಮದ ವರದಿಗಳು ಒಂದು ಸಾಲಿನಲ್ಲಿ ಮುಗಿಸಿಬಿಟ್ಟವು. ಹೊಸ ಕಾರಿನ ಮಾರುಕಟ್ಟೆ ಬದಲಾಗುವುದು ಬೇರೆ, ರಸ್ತೆ ಬದಲಾಗುವುದು ಬೇರೆ.

ಅಷ್ಟಕ್ಕೂ, 55 ಲಕ್ಷ ಜನಸಂಖ್ಯೆಯ ಈ ದೇಶ ಇದನ್ನು ಸಾಧಿಸಿದ್ದು ಹೇಗೆ? ಸಬ್ಸಿಡಿಯಿಂದ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಆದರೆ ಅದು ಅರ್ಧಸತ್ಯ. ಕಾರು ಕೊಳ್ಳುವವನ ಕೈಗೆ ನಾರ್ವೆ ಸರಕಾರ ನೇರವಾಗಿ ಹಣ ಇಡಲಿಲ್ಲ. ಅದು ಮಾಡಿದ್ದು, ಎಲ್ಲರಿಂದಲೂ ವಸೂಲು ಮಾಡುತ್ತಿದ್ದ ತೆರಿಗೆಯನ್ನು ಕೆಲವರಿಂದ ವಸೂಲು ಮಾಡದೇ ಇದ್ದದ್ದು. ಅಲ್ಲಿ ಹೊಸ ಪೆಟ್ರೋಲ್ ಕಾರೊಂದು ಮಳಿಗೆಯಿಂದ ಹೊರಬರಬೇಕಾದರೆ ಭಾರೀ ನೋಂದಣಿ ತೆರಿಗೆ ಕಟ್ಟಬೇಕು. ಕಾರಿನ ತೂಕ, ಅದು ಹೊರಬಿಡುವ ಇಂಗಾಲದ ಡೈ ಆಕ್ಸೈಡ್ ಮತ್ತು ನೈಟ್ರೋಜನ್ ಆಕ್ಸೈಡ್‌ಗಳ ಪ್ರಮಾಣ ನೋಡಿ ಈ ತೆರಿಗೆಯನ್ನು ಲೆಕ್ಕ ಹಾಕಲಾಗುತ್ತದೆ. ಅದರ ಜೊತೆಗೆ ಶೇ. 25 ಮೌಲ್ಯವರ್ಧಿತ ತೆರಿಗೆ. 1990ರಲ್ಲಿ ನೋಂದಣಿ ತೆರಿಗೆಯಿಂದ, 2001ರಲ್ಲಿ ಮೌಲ್ಯವರ್ಧಿತ ತೆರಿಗೆಯಿಂದ ವಿದ್ಯುತ್ ಕಾರುಗಳಿಗೆ ಮುಕ್ತಿ ಸಿಕ್ಕಿತು. ಪರಿಣಾಮವಾಗಿ, ಕಾರ್ಖಾನೆಯಲ್ಲಿ ದುಬಾರಿಯಾಗಿದ್ದ ವಿದ್ಯುತ್ ಕಾರು ಮಳಿಗೆಯಲ್ಲಿ ಪೆಟ್ರೋಲ್ ಕಾರಿಗೆ ಸಮನಾಯಿತು. ಕೆಲವೊಮ್ಮೆ ಅದಕ್ಕಿಂತಲೂ ಅಗ್ಗವಾಯಿತು. ಜನರನ್ನು ಪರಿಸರಪ್ರೇಮಿಗಳನ್ನಾಗಿಸಲು ಭಾಷಣ ಬೇಕಾಗಲಿಲ್ಲ, ಬೆಲೆಪಟ್ಟಿ ಸಾಕಾಯಿತು.

ತೆರಿಗೆಯ ದರಕ್ಕಿಂತಲೂ ಮುಖ್ಯವಾದದ್ದು ಆ ಸರಕಾರಗಳ ಸಹನೆ ಎಂದು ನನಗನಿಸುತ್ತದೆ. ವಿನಾಯಿತಿ ಆರಂಭವಾಗಿ ಇಪ್ಪತ್ತು ವರ್ಷ ಕಳೆದ ಮೇಲೂ, ಅಂದರೆ 2010ರಲ್ಲೂ, ಇಡೀ ದೇಶದಲ್ಲಿ ಕೆಲವೇ ಸಾವಿರ ವಿದ್ಯುತ್ ಕಾರುಗಳಿದ್ದವು. ಸ್ವದೇಶಿ 'ಥಿಂಕ್' ಕಾರಿನ ಕಂಪೆನಿ 2011ರಲ್ಲಿ ದಿವಾಳಿಯಾಯಿತು. ಯೋಜನೆ ವಿಫಲವಾಯಿತೆಂದು ಕಡತ ಮುಚ್ಚಲು ಇದಕ್ಕಿಂತ ಒಳ್ಳೆಯ ನೆಪ ಬೇಕೇ? ಆದರೆ ಸರಕಾರಗಳು ಬದಲಾದರೂ ವಿನಾಯಿತಿ ಬದಲಾಗಲಿಲ್ಲ. ನಿಸ್ಸಾನ್ ಲೀಫ್‌ನಂತಹ, ಒಂದು ಕುಟುಂಬ ನೆಮ್ಮದಿಯಾಗಿ ಪ್ರಯಾಣಿಸಬಹುದಾದ ಕಾರುಗಳು ಬಂದಾಗ ಅವುಗಳಿಗೆ ಬೇಕಾದ ನೆಲ ಹದವಾಗಿತ್ತು. 2012ರಲ್ಲಿ ಸಂಸತ್ತಿನ ಪಕ್ಷಗಳು ಒಂದು ಒಪ್ಪಂದಕ್ಕೆ ಬಂದವು: 2017ರ ವರೆಗೆ ಅಥವಾ ಕಾರುಗಳ ಸಂಖ್ಯೆ 50 ಸಾವಿರ ತಲುಪುವ ವರೆಗೆ ವಿನಾಯಿತಿಯನ್ನು ಮುಟ್ಟುವುದಿಲ್ಲ. 2015ರ ಏಪ್ರಿಲ್‌ನಲ್ಲೇ ಆ ಸಂಖ್ಯೆ ಪೂರ್ತಿಯಾಯಿತು.

ಇದಕ್ಕೆ ಜರ್ಮನಿಯನ್ನು ಹೋಲಿಸಿ ನೋಡಿ. 2023ರ ನವೆಂಬರ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವು ಸರಕಾರದ 60 ಬಿಲಿಯನ್ ಯೂರೋಗಳ ಬಜೆಟ್ ಹೊಂದಾಣಿಕೆಯನ್ನು ರದ್ದುಗೊಳಿಸಿತು. ಅದರ ಬೆನ್ನಿಗೇ, ಡಿಸೆಂಬರ್ ಮಧ್ಯದಲ್ಲಿ, ಸರಕಾರವು ವಿದ್ಯುತ್ ಕಾರುಗಳ ಸಹಾಯಧನವನ್ನು ಹೆಚ್ಚುಕಡಿಮೆ ರಾತ್ರೋರಾತ್ರಿ ನಿಲ್ಲಿಸಿತು. ಮರುವರ್ಷ ಮಾರಾಟ ಶೇ. 27ರಷ್ಟು ಕುಸಿಯಿತು. ಖಜಾನೆಯಿಂದ ಕೊಡುವ ಹಣಕ್ಕೆ ಪ್ರತಿವರ್ಷ ಬಜೆಟ್‌ನ ಕೃಪೆ ಬೇಕು. ಕಾರುಗಳ ನಡುವೆಯೇ ತೆರಿಗೆಯ ಏರಿಳಿತ ಮಾಡಿದರೆ ಆ ಅವಲಂಬನೆ ಕಡಿಮೆ.

ಹಾಗಂತ ನಾರ್ವೆಯ ಕತೆಯನ್ನು ಕಣ್ಣುಮುಚ್ಚಿ ಹೊಗಳುವಂತಿಲ್ಲ. ಕಟ್ಟದ ತೆರಿಗೆಯೂ ಯಾರದೋ ಪಾಲಿನ ಹಣವೇ. ಬೆಲೆ ಎಷ್ಟೇ ಇರಲಿ ಶೇ. 25ರ ತೆರಿಗೆ ಇಲ್ಲ ಎಂದಾದರೆ, ದೊಡ್ಡ ಕಾರು ಕೊಂಡವನಿಗೆ ದೊಡ್ಡ ಉಡುಗೊರೆ, ಸಣ್ಣ ಕಾರು ಕೊಂಡವನಿಗೆ ಸಣ್ಣ ಉಡುಗೊರೆ, ಕಾರೇ ಇಲ್ಲದವನಿಗೆ ಏನೂ ಇಲ್ಲ. 2013ರ ಸೆಪ್ಟೆಂಬರ್‌ನಲ್ಲಿ ನಾರ್ವೆಯಲ್ಲಿ ಎಲ್ಲ ಬಗೆಯ ಕಾರುಗಳ ಪೈಕಿ ಅತಿ ಹೆಚ್ಚು ಮಾರಾಟವಾದದ್ದು ಟೆಸ್ಲಾ ಮಾಡೆಲ್ ಎಸ್ ಎಂಬ ಐಷಾರಾಮಿ ಕಾರು. ಮರುವರ್ಷ ಅರ್ಥಶಾಸ್ತ್ರಜ್ಞರಾದ ಬ್ಯಾರ್ಟ್ ಹೋಲ್ಟ್ಸ್‌ಮಾರ್ಕ್ ಮತ್ತು ಆಂಡರ್ಸ್ ಸ್ಕೋನ್‌ಹೋಫ್ಟ್ ಒಂದು ಪ್ರಬಂಧ ಪ್ರಕಟಿಸಿದರು. ಈ ನೀತಿಯು ಕುಟುಂಬಗಳಿಗೆ ಎರಡನೇ ಕಾರು ಕೊಳ್ಳಲು, ಬಸ್ಸು ಮತ್ತು ಸೈಕಲ್ ಬಿಟ್ಟು ಕಾರು ಹತ್ತಲು ಪ್ರೇರಣೆ ನೀಡುತ್ತಿದೆ, ಇತರ ದೇಶಗಳು ಇದನ್ನು ಅನುಸರಿಸಬಾರದು ಎಂಬುದು ಅವರ ವಾದವಾಗಿತ್ತು. ನಂತರದ ಮಾರಾಟದ ಅಂಕಿಗಳು ಇವರ ಮಾತನ್ನು ಮರೆಸಿದವು. ಆದರೆ ಅವರು ಎತ್ತಿದ ಪ್ರಶ್ನೆಗೆ ಉತ್ತರ ಕೊಟ್ಟಂತಾಗಲಿಲ್ಲ.

ಆ ಪ್ರಶ್ನೆ ಎಷ್ಟು ನೈಜವಾಗಿತ್ತೆಂಬುದನ್ನು ಓಸ್ಲೋದ ಬಸ್ಸು ಪ್ರಯಾಣಿಕರೇ ಹೇಳಬಲ್ಲರು. ವಿದ್ಯುತ್ ಕಾರುಗಳಿಗೆ ಬಸ್ಸುಗಳಿಗೆಂದೇ ಮೀಸಲಾದ ಪಥದಲ್ಲಿ ಸಂಚರಿಸುವ ಅನುಮತಿಯೂ ಇತ್ತು. 2003ರಲ್ಲಿ ಪ್ರಯೋಗವಾಗಿ ಆರಂಭವಾದ ಈ ಸೌಲಭ್ಯ 2005ರಲ್ಲಿ ದೇಶಕ್ಕೆಲ್ಲ ವಿಸ್ತರಣೆಯಾಯಿತು. ಕಾರುಗಳು ಬೆರಳೆಣಿಕೆಯಷ್ಟಿದ್ದಾಗ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಓಸ್ಲೋದ ಪಶ್ಚಿಮಕ್ಕಿರುವ ಇ18 ಹೆದ್ದಾರಿಯಲ್ಲಿ ಬೆಳಗ್ಗಿನ ಹೊತ್ತು ಬಸ್ಸಿನ ಪಥದಲ್ಲಿ ಬಸ್ಸುಗಳಿಗಿಂತ ಕಾರುಗಳೇ ತುಂಬಿಕೊಂಡವು. ನಲ್ವತ್ತು ಮಂದಿಯನ್ನು ಹೊತ್ತ ಬಸ್ಸು, ಒಬ್ಬೊಬ್ಬರೇ ಕುಳಿತ ದುಬಾರಿ ಕಾರುಗಳ ಸಾಲಿನ ಹಿಂದೆ ಕಾಯಬೇಕಾಯಿತು. ಆ ನಲ್ವತ್ತು ಮಂದಿ ಮಾಡಿದ ತಪ್ಪಾದರೂ ಏನು? ಅವರ ಬಳಿ ಕಾರು ಇರಲಿಲ್ಲ, ಅಥವಾ ಇದ್ದೂ ಮನೆಯಲ್ಲಿ ಬಿಟ್ಟು ಬಂದಿದ್ದರು. ವಾಸ್ತವದಲ್ಲಿ ಪರಿಸರಕ್ಕೆ ಹೆಚ್ಚು ಉಪಕಾರ ಮಾಡುತ್ತಿದ್ದವರು ಅವರೇ. ಕೊನೆಗೆ 2015ರಲ್ಲಿ, ದಟ್ಟಣೆಯ ಹೊತ್ತಿನಲ್ಲಿ ಚಾಲಕನ ಜೊತೆ ಕನಿಷ್ಠ ಇನ್ನೊಬ್ಬ ಪ್ರಯಾಣಿಕನಿದ್ದರೆ ಮಾತ್ರ ಆ ಪಥಕ್ಕೆ ಪ್ರವೇಶ ಎಂಬ ನಿಯಮ ತರಲಾಯಿತು.

ಇನ್ನು ತೈಲದ ಮಾತು. ಕಾರಿನ ವಿನಾಯಿತಿ ಆರಂಭವಾದ 1990ರಲ್ಲೇ ನಾರ್ವೆ ತನ್ನ ಪೆಟ್ರೋಲಿಯಂ ನಿಧಿಯ ಕಾನೂನನ್ನೂ ಅಂಗೀಕರಿಸಿತು ಎಂಬುದು ಕುತೂಹಲಕರ. ಆ ನಿಧಿ ಇಂದು ಜಗತ್ತಿನಲ್ಲೇ ಅತಿ ದೊಡ್ಡದು. ತನ್ನ ಮನೆಯ ಅಂಗಳದಲ್ಲಿ ಹೊಗೆ ಬೇಡವೆನ್ನುವ ದೇಶವು ಸಮುದ್ರದಾಳದಿಂದ ತೈಲ ಮತ್ತು ಅನಿಲ ತೆಗೆದು ಇತರರಿಗೆ ಮಾರುತ್ತದೆ, ಆ ಸಂಪತ್ತಿನ ಬಲದಿಂದ ತೆರಿಗೆ ಬಿಟ್ಟುಕೊಡುತ್ತದೆ. ಅಲ್ಲಿನ ವಿದ್ಯುತ್ತಿನ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಜಲಪಾತಗಳಿಂದ ಬರುತ್ತದೆ ಎಂಬ ಕಾರಣಕ್ಕೆ ಕಾರು ನಿಜಕ್ಕೂ ಶುದ್ಧ, ಒಪ್ಪೋಣ. ಆದರೆ ಈ ಭಾಗ್ಯ ಎಷ್ಟು ದೇಶಗಳಿಗಿದೆ?

ನಮಗೂ ಈ ಚರಿತ್ರೆಯಲ್ಲೊಂದು ಪುಟವಿದೆ. 2001ರಲ್ಲೇ ಬೆಂಗಳೂರಿನ ರೇವಾ ಕಂಪೆನಿ ವಿದ್ಯುತ್ ಕಾರನ್ನು ರಸ್ತೆಗಿಳಿಸಿತ್ತು. ಅದು ಹೆಚ್ಚು ಹೆಸರು ಮಾಡಿದ್ದು ಲಂಡನ್‌ನಲ್ಲಿ, 'ಜಿ-ವಿಝ್' ಎಂಬ ಹೆಸರಿನಲ್ಲಿ. ಕಾರಣ ಸರಳ: 2003ರಲ್ಲಿ ಲಂಡನ್ ನಗರದ ನಡುಭಾಗಕ್ಕೆ ಬರುವ ವಾಹನಗಳಿಗೆ ದಟ್ಟಣೆ ಶುಲ್ಕ ವಿಧಿಸಲಾಯಿತು ಮತ್ತು ವಿದ್ಯುತ್ ಕಾರುಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಬೆಂಗಳೂರಿನ ಕಾರಿಗೆ ಬೆಂಗಳೂರಿನಲ್ಲಿ ಇಲ್ಲದ ಬೆಲೆ ಲಂಡನ್‌ನಲ್ಲಿತ್ತು. 2010ರ ನವೆಂಬರ್‌ನಲ್ಲಿ ನಮ್ಮ ಕೇಂದ್ರ ಸರಕಾರ ಕಾರ್ಖಾನೆ ಬೆಲೆಯ ಶೇ. 20ರ ವರೆಗೆ ಸಹಾಯಧನ ಆರಂಭಿಸಿತು. 2012ರ ಮಾರ್ಚ್‌ನಲ್ಲಿ ಅದು ನಿಂತುಹೋಯಿತು. ಮುಂದಿನ ಯೋಜನೆಯಾದ ಫೇಮ್ ಬಂದದ್ದು 2015ರ ಏಪ್ರಿಲ್‌ನಲ್ಲಿ. ನಡುವಿನ ಮೂರು ವರ್ಷ ಉದ್ಯಮ ಏನು ಮಾಡಬೇಕಿತ್ತು ಎಂದು ಯಾರೂ ಕೇಳಲಿಲ್ಲ. 2019ರ ಫೇಮ್-2 ಯೋಜನೆ ಮಾತ್ರ ಒಂದು ವಿವೇಕದ ಕೆಲಸ ಮಾಡಿತು. ಖಾಸಗಿ ಕಾರುಗಳನ್ನು ಹೊರಗಿಟ್ಟು ದ್ವಿಚಕ್ರ ವಾಹನ, ಆಟೋ, ಟ್ಯಾಕ್ಸಿ ಮತ್ತು ಬಸ್ಸುಗಳಿಗೆ ನೆರವು ಕೊಟ್ಟಿತು. ಇದಕ್ಕಾಗಿ ಅದನ್ನು ಶ್ಲಾಘಿಸಲೇಬೇಕು.

ಆದರೆ ಜಿಎಸ್‌ಟಿಯ ವಿಷಯದಲ್ಲಿ ಆ ವಿವೇಕ ಕಾಣುವುದಿಲ್ಲ. 2019ರ ಆಗಸ್ಟ್‌ನಿಂದ ವಿದ್ಯುತ್ ವಾಹನಗಳಿಗೆ ಶೇ. 5 ತೆರಿಗೆ, ಬೆಲೆಯ ಮಿತಿ ಇಲ್ಲ. 2025ರ ಸೆಪ್ಟೆಂಬರ್‌ನ ಜಿಎಸ್‌ಟಿ ಪರಿಷ್ಕರಣೆಯಲ್ಲೂ ಇದನ್ನು ಹಾಗೆಯೇ ಉಳಿಸಲಾಯಿತು. ಅದೇ ಪರಿಷ್ಕರಣೆಯಲ್ಲಿ ಸಾಮಾನ್ಯ ಪೆಟ್ರೋಲ್ ಬೈಕಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿಯಿತು. ಅಂದರೆ ಗಾರೆ ಕೆಲಸಕ್ಕೆ ಹೋಗುವವನ ಬೈಕಿಗೆ ಶೇ. 18, ಕೋಟಿ ರೂಪಾಯಿಯ ವಿದ್ಯುತ್ ಕಾರಿಗೆ ಶೇ. 5. ನಮ್ಮ ವಿದ್ಯುತ್ತಿನ ನಾಲ್ಕರಲ್ಲಿ ಸುಮಾರು ಮೂರು ಪಾಲು ಕಲ್ಲಿದ್ದಲಿನಿಂದ ಬರುತ್ತದೆ. ಹಾಗಿರುವಾಗ ಆ ಕೋಟಿಯ ಕಾರು ಸಂಪೂರ್ಣ ಶುದ್ಧ ಎಂದು ಹೇಳಿಕೊಳ್ಳುವ ಅವಕಾಶವೂ ಇಲ್ಲ. ಕರ್ನಾಟಕ ಸರಕಾರ 2024ರಲ್ಲಿ 25 ಲಕ್ಷಕ್ಕಿಂತ ಹೆಚ್ಚು ಬೆಲೆಯ ವಿದ್ಯುತ್ ಕಾರುಗಳಿಗೆ ಶೇ. 10ರ ಜೀವಿತಾವಧಿ ತೆರಿಗೆ ವಿಧಿಸಿದಾಗ ಉದ್ಯಮ ವಲಯದಿಂದ ಆಕ್ಷೇಪ ಕೇಳಿಬಂತು. ಪರಿಸರದ ಹೆಸರಿನಲ್ಲಿ ಸಿರಿವಂತರಿಗೆ ರಿಯಾಯಿತಿ ಕೇಳುವುದು ನಮ್ಮಲ್ಲಿ ಎಷ್ಟು ಸುಲಭ!

ನಾರ್ವೆ ತನ್ನ ತಪ್ಪನ್ನು ತಿದ್ದಿಕೊಳ್ಳಲು ಹೊರಟದ್ದು ಸರಿಯಾಗಿ ಈ ಜಾಗದಿಂದಲೇ. 2023ರಿಂದ 5 ಲಕ್ಷ ಕ್ರೋನರ್, ಅಂದರೆ ನಮ್ಮ ಸುಮಾರು 40 ಲಕ್ಷ ರೂಪಾಯಿ, ಮೀರಿದ ಬೆಲೆಯ ಭಾಗಕ್ಕೆ ಅಲ್ಲಿ ಪೂರ್ಣ ಮೌಲ್ಯವರ್ಧಿತ ತೆರಿಗೆ ಬಂತು. ವಿದ್ಯುತ್ ಕಾರಿಗೂ ತೂಕದ ತೆರಿಗೆ ಬಂತು. ಟೋಲ್‌ಗೇಟಿನಲ್ಲಿ ಇತರ ಕಾರುಗಳ ದರದ ಶೇ. 70ರ ವರೆಗೆ ವಸೂಲು ಮಾಡಲು ಅನುಮತಿ ಸಿಕ್ಕಿತು. 2025ರ ಅಕ್ಟೋಬರ್‌ನ ಬಜೆಟ್‌ನಲ್ಲಿ 5 ಲಕ್ಷದ ಮಿತಿಯನ್ನು 2026ರಿಂದ 3 ಲಕ್ಷ ಕ್ರೋನರ್‌ಗೆ ಇಳಿಸುವ ಮತ್ತು 2027ರಲ್ಲಿ ವಿನಾಯಿತಿಯನ್ನೇ ಕೊನೆಗೊಳಿಸುವ ಪ್ರಸ್ತಾಪ ಮಂಡನೆಯಾಯಿತು. 2023ರಿಂದ ದುಬಾರಿ ಕಾರುಗಳ ಮೇಲೆ ತೆರಿಗೆ ಬಿದ್ದ ಮೇಲೂ ವಿದ್ಯುತ್ ಕಾರುಗಳ ಪಾಲು ಇಳಿಯಲಿಲ್ಲ, ಏರಿತು. ನಮ್ಮ ಜಿಎಸ್‌ಟಿ ಮಂಡಳಿಯ ಮುಂದೆ ಇಡಬೇಕಾದ ಲೆಕ್ಕ ಇದು: 25 ಲಕ್ಷಕ್ಕೆ ಒಂದು ಗೆರೆ ಎಳೆದು, ಅದರ ಮೇಲಿನ ಬೆಲೆಗೆ ಬೈಕಿನಷ್ಟಾದರೂ ತೆರಿಗೆ ವಿಧಿಸಿ, ಬಂದ ಹಣವನ್ನು ವಿದ್ಯುತ್ ಬಸ್ಸುಗಳಿಗೆ ಕೊಡಲು ಇರುವ ಅಡ್ಡಿಯೇನು?