ಬಡ್ಡಿ ಕಡಿಮೆ, ಅಸಲು ಜೋಪಾನ

ಮಕ್ಕಳೇ, ಈ ವಾರ ಒಂದು ವಿಚಿತ್ರ ಜೋಡಿಯ ಕಥೆ ಹೇಳುತ್ತೇನೆ. ಒಂದು ಮರದ ನೆತ್ತಿಯ ಸಿಂಗಳೀಕ, ಇನ್ನೊಂದು ಕಡಲಾಳದ ಗಲ್ಪರ್ ಶಾರ್ಕ್. ಇವೆರಡೂ ಒಂದನ್ನೊಂದು ಎಂದೂ ಕಂಡಿಲ್ಲ, ಕಾಣುವುದೂ ಇಲ್ಲ.

ಸಿಂಗಳೀಕ ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಕೋತಿ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಸಿಂಹದಂಥ ಕುಚ್ಚು. ಊಟ, ಓಟ, ನಿದ್ದೆ ಬಹುಪಾಲು ಮರದ ಮೇಲೆಯೇ. ಉತ್ತರ ಕನ್ನಡದ ಅಘನಾಶಿನಿ ಕಣಿವೆಯಲ್ಲಿ ಇದರ ಹೆಸರಿನಲ್ಲೇ 2011ರಲ್ಲಿ ಸಂರಕ್ಷಿತ ಪ್ರದೇಶವಾಯಿತು.

ಗಲ್ಪರ್ ಶಾರ್ಕ್ ಇರುವುದು ನೂರಾರು ಮೀಟರ್ ಆಳದ ಕತ್ತಲಲ್ಲಿ. ನಿಮ್ಮ ಕಿವಿಯ ಅಂಚನ್ನು ಮಡಚಿ ನೋಡಿ. ಬಾಗುತ್ತದೆ, ಮುರಿಯುವುದಿಲ್ಲ. ಅದೇ ಮೃದ್ವಸ್ಥಿ. ಈ ಮೀನಿನ ಅಸ್ಥಿಪಂಜರವೆಲ್ಲ ಅದರದ್ದೇ. ತೇಲಲು ಗಾಳಿಚೀಲವೂ ಇಲ್ಲ. ಎಣ್ಣೆ ತುಂಬಿದ ದೊಡ್ಡ ಯಕೃತ್ತೇ ಅದನ್ನು ಮುಳುಗದಂತೆ ಕಾಯುತ್ತದೆ. ನೀರಿಗಿಂತ ಎಣ್ಣೆ ಹಗುರ ತಾನೆ?

ಹಾಗಾದರೆ ಹೋಲಿಕೆ ಎಲ್ಲಿ? ನಿಧಾನದಲ್ಲಿ! ಸಿಂಗಳೀಕದ ತಾಯಿಗೆ ಸಲಕ್ಕೊಂದೇ ಮರಿ. ಮುಂದಿನದಕ್ಕೆ ಎರಡು ಮೂರು ವರ್ಷ ಕಾಯಬೇಕು. ಗಲ್ಪರ್ ಶಾರ್ಕ್ ತಾಯಾಗುವ ವಯಸ್ಸಿಗೆ ಬರಲು ಎಷ್ಟೋ ವರ್ಷ ಬೇಕು. ಮರಿ ಹೊಟ್ಟೆಯಲ್ಲಿರುವುದೇ ಸುಮಾರು ಎರಡು ವರ್ಷ. ಹುಟ್ಟುವ ಮರಿಗಳೂ ಬೆರಳೆಣಿಕೆಯಷ್ಟು.

ಬ್ಯಾಂಕಿನಲ್ಲಿ ಕೆಲಸ ಮಾಡಿದವನಿಗೆ ಇವು ಕಡಿಮೆ ಬಡ್ಡಿಯ ಖಾತೆಗಳಂತೆ ಕಾಣುತ್ತವೆ. ನೂರು ರೂಪಾಯಿಗೆ ವರ್ಷಕ್ಕೆ ಐದು ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳಿ. ಪ್ರತಿ ವರ್ಷ ಬಡ್ಡಿ ಸೇರಿದ ಮೇಲೆ ಇಪ್ಪತ್ತು ರೂಪಾಯಿ ತೆಗೆಯಿರಿ. ಆರನೆಯ ವರ್ಷ ಇಪ್ಪತ್ತು ರೂಪಾಯಿಯೇ ಇರುವುದಿಲ್ಲ. ಅಜ್ಜನ ಜೊತೆ ಕುಳಿತು ಲೆಕ್ಕ ಹಾಕಿ ನೋಡಿ.

ಮಾಲ್ಡೀವ್ಸ್‌ನಲ್ಲಿ ಆದದ್ದು ಇದೇ. 1980ರ ಸುಮಾರಿಗೆ ಯಕೃತ್ತಿನ ಎಣ್ಣೆಗಾಗಿ ಗಲ್ಪರ್ ಬೇಟೆ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಬಲೆ ಬರಿದಾಗತೊಡಗಿತು. 2010ರಲ್ಲಿ ಆ ದೇಶ ಶಾರ್ಕ್ ಬೇಟೆಯನ್ನೇ ನಿಷೇಧಿಸಿತು.

ಸಿಂಗಳೀಕದ ಅಸಲು ಕರಗುವುದು ಕಾಡು ತುಂಡಾದಾಗ. ನಡುವೆ ರಸ್ತೆ ಬಂದರೆ ಅದು ನೆಲಕ್ಕಿಳಿಯಲೇಬೇಕು. ಕೆಳಗೆ ವಾಹನಗಳ ಓಡಾಟ. ತಮಿಳುನಾಡಿನ ವಾಲ್ಪಾರೈಯಲ್ಲಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿದ್ದಾರೆ. ಸಿಂಗಳೀಕಗಳು ಅದರ ಮೇಲೆ ದಾಟುತ್ತವೆ.

ಸೇತುವೆ ಕಟ್ಟುವುದು ನಮ್ಮ ಕೈಲಾಗದಿರಬಹುದು. ಆದರೆ ಘಟ್ಟದ ದಾರಿಯಲ್ಲಿ ಕಿಟಕಿಯಿಂದ ಚಿಪ್ಸು, ಬಾಳೆಹಣ್ಣು ಎಸೆಯದಿರುವುದು ಮಕ್ಕಳ ಕೈಲಿದೆ. ಮುಖದ ಕ್ರೀಮಿನಲ್ಲಿ ಸ್ಕ್ವಾಲೇನ್ ಇದ್ದರೆ ಅದು ಶಾರ್ಕಿನದೋ ಆಲಿವ್, ಕಬ್ಬಿನದೋ ಎಂದು ವಿಚಾರಿಸುವುದು ದೊಡ್ಡವರ ಕೈಲಿದೆ. ಅಸಲು ಉಳಿದರೆ ಬಡ್ಡಿ ನಿಧಾನವಾಗಿಯಾದರೂ ಬಂದೇ ಬರುತ್ತದೆ.